ಹತ್ತೊಂಬತ್ತು ದಿನ ಸತ್ತಿದ್ದ ತೊಟ್ಟಿ

ಕೊಳಾಯಿಯಲ್ಲಿ ನೀರು ಬಾರದ ದಿನ ಇಡೀ ಊರು ನೀರಿನ ಇಲಾಖೆಯನ್ನು ನೆನೆಯುತ್ತದೆ. ಬಚ್ಚಲಿಗೆ ಇಳಿದ ನೀರು ಎತ್ತ ಹೋಯಿತೆಂದು ನೆನೆಯುವವರು ಮಾತ್ರ ಕಡಿಮೆ. ಹೀಗೆ ಯಾರಿಗೂ ಬೇಡವಾದ ನೀರನ್ನು ಮತ್ತೆ ಹೊಳೆಗೆ ಬಿಡಲು ಯೋಗ್ಯವಾಗಿಸುವ ಕ್ಷೇತ್ರದಲ್ಲಿ, ನಮ್ಮ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಹಾಯಕಿಯಾಗಿ ಬಂದು, ಮೂವತ್ತಾರು ವರ್ಷಗಳ ಸೇವೆಯ ನಂತರ ಮುಖ್ಯ ನಿರ್ವಾಹಕಿಯಾಗಿ ನಿವೃತ್ತರಾಗುತ್ತಿರುವ ‘ಹುಳದಕ್ಕ’ನವರ ಸ್ಥಾನ ವಿಶಿಷ್ಟವಾದದ್ದು. ಅವರ ಹೆಸರಿನ ಮುಂದೆ ಪದವಿಗಳ ಸಾಲಿಲ್ಲ. ಆದರೂ ಸುತ್ತಲಿನ ಘಟಕಗಳ ಪದವೀಧರರು ತಮ್ಮ ತೊಟ್ಟಿಯ ನೀರಿನ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಫೋನಿನಲ್ಲಿ ಚಿತ್ರ ತೆಗೆದು, ‘ಅಕ್ಕ, ಇವಕ್ಕೆ ಏನಾಗಿದೆ ಸ್ವಲ್ಪ ನೋಡಿ’ ಎಂದು ಅವರಿಗೇ ಕಳಿಸುತ್ತಾರೆ. ಅವರ ಬಗ್ಗೆ ಈ ಅಭಿನಂದನ ಗ್ರಂಥಕ್ಕೆ ಬರೆಯುವ ಭಾಗ್ಯ ಘಟಕದ ಈಗಿನ ರಸಾಯನಜ್ಞೆಯಾದ ಈ ಲೇಖಕಿಗೆ ಒದಗಿದೆ. ಆದರೆ ಒಂದು ಷರತ್ತಿನ ಮೇಲೆ. ಷರತ್ತು ಏನೆಂಬುದನ್ನು ಹೇಳುವ ಮೊದಲು ತೊಟ್ಟಿಯ ವಿಷಯ ಹೇಳಬೇಕು.

ಘಟಕದ ನಡುವೆ ಒಂದು ದೊಡ್ಡ ತೊಟ್ಟಿಯಿದೆ. ಅದರ ತಳದಿಂದ ಹಗಲಿರುಳೂ ಗಾಳಿ ಊದುತ್ತಿರುವುದರಿಂದ ನಮ್ಮವರು ಅದನ್ನು ಗಾಳಿತೊಟ್ಟಿ ಎನ್ನುತ್ತಾರೆ. ಅದರಲ್ಲಿರುವ ಕಂದು ಬಣ್ಣದ, ನೊರೆಗಟ್ಟಿದ ನೀರನ್ನು ನೋಡಿ ಮೂಗು ಮುರಿಯದವರಿಲ್ಲ. ಇಪ್ಪತ್ತನಾಲ್ಕರ ಆ ಸಹಾಯಕಿಯೂ ಮುರಿದಿದ್ದರು. ತೊಟ್ಟಿಯ ಅಂಚು ಕೆರೆಯುವುದು, ನೊರೆ ಬಳಿಯುವುದು, ಕೊನೆಯಲ್ಲಿ ಹೊಳೆಗೆ ಹೋಗುವ ತಿಳಿನೀರಿಗೆ ಅಳತೆಯ ಬ್ಲೀಚಿಂಗ್ ಪುಡಿ ಬೆರೆಸುವುದು ಅವರ ಕೆಲಸ. ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ಅವರ ಹುಟ್ಟುಗುಣ. ಅದೇ ಅವರಿಗೆ ಮುಳುವಾಯಿತು.

ಸೇವೆಯ ಮೂರನೆಯ ವರ್ಷ ದೊಡ್ಡ ಅಧಿಕಾರಿಗಳು ಘಟಕ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಮೇಲ್ವಿಚಾರಕರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ನಾಳೆ ಹೊತ್ತಿಗೆ ಎಲ್ಲಾ ಫಳಫಳ ಅನ್ನಬೇಕು, ಗೊತ್ತಾಯ್ತಾ?” ಎಂದರು. ಬಾಗಿಲಿಗೆ ಬಣ್ಣ ಬಿತ್ತು, ಕಂಬಿಗೆ ಎಣ್ಣೆ ಬಿತ್ತು. ಎಲ್ಲವೂ ಫಳಫಳ ಅನ್ನುತ್ತಿರುವಾಗ ನಟ್ಟನಡುವೆ ಆ ಕಂದು ತೊಟ್ಟಿ ಮಾತ್ರ ಮುಖ ಗಂಟಿಕ್ಕಿಕೊಂಡು ಕೂತಿತ್ತು. ಉಳಿದವರೆಲ್ಲ ಊಟಕ್ಕೆ ಹೋದ ಹೊತ್ತಿನಲ್ಲಿ, ಯಾರೂ ಹೇಳದೆಯೇ, ಉಗ್ರಾಣದಲ್ಲಿದ್ದ ಬ್ಲೀಚಿಂಗ್ ಪುಡಿಯ ಚೀಲಗಳನ್ನು ಒಂದೊಂದಾಗಿ ಎಳೆದು ತಂದು ಅವರು ಅಷ್ಟನ್ನೂ ತೊಟ್ಟಿಗೆ ಸುರಿದರು. ಮರುದಿನ ನೊರೆ ಇಲ್ಲ, ಕಂದು ಬಣ್ಣ ಮಾಸಿದೆ, ನೀರು ತಕ್ಕಮಟ್ಟಿಗೆ ಬೆಳ್ಳಗಿದೆ. ಬಂದವರು ತಲೆದೂಗಿದರು. ತೊಟ್ಟಿ ನೋಡಿಕೊಳ್ಳುವ ಸಹಾಯಕಿಯೆಂದು, ಶುಚಿತ್ವಕ್ಕಾಗಿ ಅವರಿಗೆ ಚೌಕಟ್ಟು ಹಾಕಿದ ಒಂದು ಪ್ರಶಂಸಾಪತ್ರವೂ ಸಿಕ್ಕಿತು.

ಆ ಕಂದು ಬಣ್ಣವೇ ತೊಟ್ಟಿಯ ಜೀವವೆಂದು ಅವರಿಗೆ ಗೊತ್ತಿರಲಿಲ್ಲ. ಕೊಳೆಯನ್ನು ತಿಂದು ನೀರನ್ನು ತಿಳಿಗೊಳಿಸುವ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಅಲ್ಲಿದ್ದವು. ಒಂದೇ ಮಧ್ಯಾಹ್ನದಲ್ಲಿ ಅಷ್ಟೂ ಸತ್ತವು. ಹೊಸ ಜೀವಿಗಳು ಹುಟ್ಟಿ ತೊಟ್ಟಿ ಮತ್ತೆ ಉಸಿರಾಡಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ಊರಿನ ಕೊಳಚೆ ಇದ್ದದ್ದು ಇದ್ದ ಹಾಗೆ ಹೊಳೆ ಸೇರಿತು. ಹೊಳೆಯ ತಿರುವಿನಲ್ಲಿ ಬಲೆ ಹಾಕಿ ಬದುಕುತ್ತಿದ್ದ ಅವರ ಸ್ವಂತ ಚಿಕ್ಕಮ್ಮ ಒಂದು ಬೆಳಗ್ಗೆ ಬುಟ್ಟಿ ತುಂಬ ಸತ್ತ ಮೀನು ಹೊತ್ತು ತಂದು ಘಟಕದ ಬಾಗಿಲಲ್ಲಿ ಸುರಿದು, “ಏನೇ ಬಿಡ್ತಾ ಇದೀರಾ ಇಲ್ಲಿಂದ? ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಸಂಬಳ ಕೊಡ್ತಾರಾ ನಿಮಗೆ?” ಎಂದು ಕೇಳಿದರು. ಬಿದ್ದ ಮೀನುಗಳನ್ನು ಅಕ್ಕನೇ ಬಾಚಿ ಬುಟ್ಟಿಗೆ ತುಂಬಿದರು.

ಆಗ ಘಟಕದ ರಸಾಯನಜ್ಞರಾಗಿದ್ದವರನ್ನು ಎಲ್ಲರೂ ‘ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಅಧಿಕಾರಿಗಳು ಬಂದುಹೋದ ಮರುದಿನ ಅವರು ಈ ಸಹಾಯಕಿಯನ್ನು ಪ್ರಯೋಗಾಲಯಕ್ಕೆ ಕರೆದು, ತೊಟ್ಟಿಯ ಹನಿ ಇಟ್ಟಿದ್ದ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, “ಏನು ಕಾಣುತ್ತೆ?” ಎಂದರು. “ಏನೂ ಇಲ್ಲ ಸಾರ್.” ಅವರು ಬೇರೊಂದು ಘಟಕದಿಂದ ತರಿಸಿದ್ದ ಹನಿಯನ್ನು ಇಟ್ಟರು. ಅದರಲ್ಲಿ ಸಣ್ಣ ಕಾಂಡದ ತುದಿಗೆ ಗಂಟೆ ಕಟ್ಟಿದಂತಿದ್ದ ಜೀವಿಗಳು ಬಾಯಿ ತೆರೆದು ಮುಚ್ಚಿ ಊಟ ಮಾಡುತ್ತಿದ್ದವು; ಒಂದು ದಪ್ಪ ಜೀವಿ ತಲೆಯ ಮೇಲೆ ಚಕ್ರ ತಿರುಗಿಸುತ್ತ ಓಡುತ್ತಿತ್ತು. ತಾನು ಏನು ಮಾಡಿದೆನೆಂದು ಸಹಾಯಕಿಗೆ ತಿಳಿದದ್ದು ಆ ಕ್ಷಣದಲ್ಲಿ. “ನಮ್ಮ ತೊಟ್ಟೀಲಿ ಇದ್ದೋರೆಲ್ಲ ಎಲ್ಲಿಗೆ ಹೋದ್ರು ಅನ್ನೋದೇ ಅರ್ಥ ಆಗ್ತಿಲ್ಲ ನೋಡಮ್ಮ” ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಹೇಳಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಸಂಪಾದಿಸುವವರು ಅಕ್ಕ ಒಬ್ಬರೇ. ಅವರು ಹೇಳಲಿಲ್ಲ. ದಿನಚರಿ ಪುಸ್ತಕದಲ್ಲಿ ಮೇಷ್ಟ್ರು ‘ಕಾರಣ ತಿಳಿದಿಲ್ಲ’ ಎಂದು ಬರೆದು ಸಹಿ ಹಾಕಿದರು. ಕಾರಣ ತಿಳಿಯದ ರಸಾಯನಜ್ಞನಿಗೆ ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ.

ಪ್ರಶಂಸಾಪತ್ರವನ್ನು ಅಕ್ಕ ಗೋಡೆಗೆ ಹಾಕದೆ ಪೆಟ್ಟಿಗೆಯ ತಳ ಸೇರಿಸಿದರು. ಆದರೆ ಸೂಕ್ಷ್ಮದರ್ಶಕದ ಮುಂದಿನಿಂದ ಮಾತ್ರ ಏಳಲಿಲ್ಲ. ಮರುದಿನವೇ ಮೇಷ್ಟ್ರು ಪಾಠ ಶುರು ಮಾಡಿದರು: ಬೆಳಗ್ಗೆ ಕೆಲಸಕ್ಕೆ ಮುಂಚೆ ಅರ್ಧ ಗಂಟೆ, ಒಂದು ಹನಿ, ಒಂದು ನೋಟ್‌ಬುಕ್. ಕಂಡದ್ದನ್ನು ಎಣಿಸಬೇಕು, ಬರೆಯಬೇಕು, ಚಿತ್ರ ಬಿಡಿಸಬೇಕು. ಪುಸ್ತಕದಲ್ಲಿನ ಹೆಸರುಗಳು ನಾಲಿಗೆಗೆ ಹತ್ತುವವರೆಗೆ ಅಕ್ಕ ತಮ್ಮದೇ ಹೆಸರು ಇಟ್ಟುಕೊಂಡರು: ಗಂಟೆ ಹುಳ, ಚಕ್ರದ ಹುಳ, ಎಂಟು ಕಾಲಿನ ಕರಡಿಮರಿ. ಗಂಟೆ ಹುಳಗಳು ಯಾಕೆ ಒಮ್ಮೆಲೇ ಬಾಗಿಲು ಹಾಕಿಕೊಳ್ಳುತ್ತವೆ? ಕರಡಿಮರಿ ಬಂದ ವಾರ ನೀರು ಯಾಕೆ ಅಷ್ಟು ತಿಳಿ? ಅವರ ಪ್ರಶ್ನೆಗೆ ಕೊನೆಮೊದಲಿರಲಿಲ್ಲ. ಉತ್ತರ ಹುಡುಕುತ್ತ ಅಂಚೆ ತೆರಪಿನ ಶಿಕ್ಷಣದಲ್ಲಿ ಓದು ಮುಂದುವರಿಸಿದರು. ಪರೀಕ್ಷೆಯ ಕೊಠಡಿಯಲ್ಲಿ ಅವರನ್ನು ಮೇಲ್ವಿಚಾರಕಿ ಎಂದುಕೊಂಡು ಹುಡುಗಿಯರು ಎದ್ದು ನಿಂತದ್ದೂ ಉಂಟು. ಐವತ್ತೆರಡನೆಯ ವಯಸ್ಸಿನಲ್ಲಿ ಮಗಳಿಂದ ಕಂಪ್ಯೂಟರ್ ಕಲಿತರು. “ಅಮ್ಮನಿಗೆ ಒಂದು ಸಲ ಹೇಳಿದ್ರೆ ಸಾಕು, ಆದ್ರೆ ಆ ಒಂದು ಸಲ ಮೂರು ಗಂಟೆ ನಡೆಯುತ್ತೆ” ಎಂದು ಮಗಳು ನಗುತ್ತಾರೆ. ಹಳೆಯ ಸೂಕ್ಷ್ಮದರ್ಶಕಕ್ಕೆ ಫೋನು ಸಿಕ್ಕಿಸಲು ಔಷಧಿ ಡಬ್ಬಿಯ ಮುಚ್ಚಳ ಕೊರೆದು ಅವರೇ ಮಾಡಿಕೊಂಡ ಉಪಕರಣ ಇಂದಿಗೂ ನಮ್ಮ ಪ್ರಯೋಗಾಲಯದಲ್ಲಿದೆ.

ಅವರ ವಿದ್ಯೆಯ ಬೆಲೆ ಈ ಲೇಖಕಿಗೆ ತಿಳಿದದ್ದು ಐದು ವರ್ಷಗಳ ಹಿಂದೆ. ಆಗಷ್ಟೇ ನಿಯಂತ್ರಣ ಕೊಠಡಿಗೆ ಹೊಸ ಪರದೆಗಳು ಬಂದಿದ್ದವು. ತೊಟ್ಟಿಯಲ್ಲಿ ಮುಳುಗಿಸಿದ ಸಂವೇದಕಗಳು ನಿಮಿಷ ನಿಮಿಷಕ್ಕೂ ಆಮ್ಲಜನಕದ ಪ್ರಮಾಣ ತಿಳಿಸುತ್ತಿದ್ದವು. ಒಂದು ಬೆಳಗ್ಗೆ ಪರದೆಯೆಲ್ಲ ಹಸಿರು: ಆಮ್ಲಜನಕ ಸಮೃದ್ಧ, ಸ್ಥಿತಿ ಅತ್ಯುತ್ತಮ. ಅಷ್ಟರಲ್ಲಿ ಅಕ್ಕ ಪ್ರಯೋಗಾಲಯದಿಂದ ಓಡಿ ಬಂದು, “ಕೊಳಚೆ ಒಳಗೆ ಬರೋ ಬಾಗಿಲು ಮುಚ್ಚಿ! ಗಂಟೆ ಹುಳ ಎಲ್ಲಾ ಬಾಗಿಲು ಹಾಕ್ಕೊಂಡಿವೆ!” ಎಂದರು. ಈ ಲೇಖಕಿ ಪರದೆ ತೋರಿಸಿದಳು. “ಗಾಳಿ ಮಿಕ್ಕಿರೋದು ಉಸಿರಾಡೋರು ಕಡಿಮೆ ಆಗ್ತಿರೋದಕ್ಕೆ ಕಣಮ್ಮ! ಮನೇಲಿ ಊಟ ಮಿಕ್ಕಿದ್ರೆ ಸಂತೋಷಪಡ್ತೀಯೋ, ಯಾರಿಗೆ ಹುಷಾರಿಲ್ಲ ಅಂತ ಕೇಳ್ತೀಯೋ?” ಎಂದವರೇ ತಾವೇ ಆ ಬಾಗಿಲಿನ ಚಕ್ರ ತಿರುಗಿಸಿ ಒಳಬರುವ ಕೊಳಚೆಯನ್ನು ಪಕ್ಕದ ಖಾಲಿ ಗುಂಡಿಗೆ ತಿರುಗಿಸಿದರು. ಮೊದಲೇ ಸ್ವಲ್ಪ ಬೆರೆತಿದ್ದ ವಿಷದ ಹಿಂದೆಯೇ, ಅರ್ಧ ಗಂಟೆಯಲ್ಲಿ ಲೋಹ ತೊಳೆದ ಹಸಿರುಗಪ್ಪು ನೀರು ಭರ್ತಿಯಾಗಿ ಬಂತು. ಯಾರೋ ಅದನ್ನು ಕದ್ದು ಚರಂಡಿಗೆ ಬಿಟ್ಟಿದ್ದರು. ತೊಟ್ಟಿ ಉಳಿಯಿತು, ಹೊಳೆಯೂ ಉಳಿಯಿತು. ಆಗಿನಿಂದ ಪರದೆ ಮತ್ತು ಸೂಕ್ಷ್ಮದರ್ಶಕ ಎರಡನ್ನೂ ನೋಡದೆ ಯಾವ ನಿರ್ಧಾರವನ್ನೂ ಮಾಡಬಾರದೆಂದು ಘಟಕದಲ್ಲಿ ನಿಯಮವಾಗಿದೆ.

ಅಕ್ಕ ನಿವೃತ್ತರಾದ ಮೇಲೆ ಗತಿಯೇನು ಎಂಬ ಚಿಂತೆಯಿಂದ, ತೊಟ್ಟಿಯ ಕಾಯಿಲೆಯನ್ನು ಮುಂಚಿತವಾಗಿ ಹೇಳುವ ಒಂದು ತಂತ್ರಾಂಶವನ್ನು ಸಿದ್ಧಪಡಿಸಲು ಕಳೆದ ವರ್ಷ ಕೈ ಹಾಕಿದೆವು. ಅವರ ಮೂವತ್ತಮೂರು ವರ್ಷದ ನೋಟ್‌ಬುಕ್‌ಗಳನ್ನೂ ಘಟಕದ ದಿನಚರಿಗಳನ್ನೂ ಅದಕ್ಕೆ ಓದಿಸಲಾಯಿತು. ಪರೀಕ್ಷಿಸಿದಾಗ ಅದು ವಿಚಿತ್ರವಾಗಿ ವರ್ತಿಸಿತು. ಹುಳಗಳು ಸತ್ತು ಆಮ್ಲಜನಕ ಏರಿದ ಸ್ಥಿತಿಯನ್ನು ತೋರಿಸಿದರೆ, ‘ಕಾಯಿರಿ, ತಾನಾಗಿ ಸರಿಹೋಗುತ್ತದೆ’ ಎನ್ನುತ್ತಿತ್ತು. ಹಿಂದೆ ಹಿಂದೆ ಹುಡುಕುತ್ತ ಹೋದಾಗ ಸಿಕ್ಕಿದ್ದು ಆ ಹತ್ತೊಂಬತ್ತು ದಿನ: ಕಾರಣವಿಲ್ಲದೆ ಸತ್ತ ತೊಟ್ಟಿ, ಏನೂ ಮಾಡದೆ ಬದುಕಿದ ತೊಟ್ಟಿ. ಯಂತ್ರ ಅದನ್ನೇ ಪಾಠವಾಗಿ ಕಲಿತಿತ್ತು.

“ಯಾವುದೋ ಹಳೇ ತಪ್ಪು ಲೆಕ್ಕ ಅನ್ಸುತ್ತೆ ಅಕ್ಕ, ಆ ದಿನಗಳನ್ನ ಅಳಿಸಿಬಿಡ್ತೀನಿ” ಎಂದು ಈ ಲೇಖಕಿ ಹೇಳಿದಾಗ ಅವರು ಕೈ ಅಡ್ಡ ಹಿಡಿದರು. ನಿವೃತ್ತಿಗೆ ಮೂರು ತಿಂಗಳಿತ್ತು. ಈ ಗ್ರಂಥದ ಸಿದ್ಧತೆ ಶುರುವಾಗಿತ್ತು. ಒಂದು ಮಾತು ಆಡದಿದ್ದರೆ ಅವರ ಹೆಸರು ಕನ್ನಡಿಯಂತೆ ಉಳಿಯುತ್ತಿತ್ತು. “ಅಳಿಸಬೇಡ. ಅಳಿಸಿದ್ರೆ ನಾಳೆ ಇನ್ಯಾರೋ ಚೀಲ ಸುರೀತಾರೆ, ಯಂತ್ರಕ್ಕೆ ಗೊತ್ತೇ ಆಗಲ್ಲ. ಕಾರಣ ಇದೆ. ಕಾರಣ ನಾನು” ಎಂದರು. ಮೇಲೆ ಹೇಳಿದ ಬ್ಲೀಚಿಂಗ್ ಪುಡಿಯ ಕಥೆಯನ್ನು ಅವರು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಷರತ್ತು ಹುಟ್ಟಿದ್ದೂ ಅಂದೇ: “ಹೊಗಳೋದು ಎಷ್ಟಾದ್ರೂ ಹೊಗಳ್ಕೊಳ್ಳಿ. ಇದನ್ನ ಬಿಟ್ಟು ಬರೆಯೋದಾದ್ರೆ ಆ ಪುಸ್ತಕಾನೇ ನನಗೆ ಬೇಡ.” ತಮ್ಮಿಂದಾಗಿ ಬಡ್ತಿ ಕಳೆದುಕೊಂಡ ಮೇಷ್ಟ್ರು ತೀರಿಕೊಂಡು ಹನ್ನೊಂದು ವರ್ಷವಾಗಿದೆ, ಅವರಿಗೆ ಹೇಳಲಾಗಲಿಲ್ಲವೆಂದು ಅಕ್ಕ ಅತ್ತರು.

ತಂತ್ರಾಂಶಕ್ಕೆ ನಿಖರವಾದ ದಿನಾಂಕ ಬೇಕಾಗಿ ನಾವಿಬ್ಬರೂ ಹಳೆಯ ಕಪಾಟು ತೆರೆದೆವು. ದಿನಚರಿಯ ಹಿಂದೆ ಮೇಷ್ಟ್ರ ಖಾಸಗಿ ಪ್ರಯೋಗ ಪುಸ್ತಕವೊಂದು ಸಿಕ್ಕಿಕೊಂಡಿತ್ತು. ಅಧಿಕಾರಿಗಳು ಬಂದುಹೋದ ದಿನದ ಪುಟದಲ್ಲಿ, ಅವರ ಪುಟ್ಟ ಅಕ್ಷರದಲ್ಲಿ, ಎರಡು ಸಾಲುಗಳಿದ್ದವು. ಮೊದಲನೆಯದು: ‘ಗಾಳಿತೊಟ್ಟಿಯ ನೀರಿನಲ್ಲಿ ಕ್ಲೋರಿನ್ ಪರೀಕ್ಷೆ: ವಿಪರೀತ. ಉಗ್ರಾಣದಲ್ಲಿ ಚೀಲಗಳಿಲ್ಲ.’ ಎರಡನೆಯದು: ‘ನಾಳೆ ಆ ಹುಡುಗಿಯನ್ನು ಕರೆಯಬೇಕು. ಸೂಕ್ಷ್ಮದರ್ಶಕ ಕಲಿಸಬೇಕು.’

ಅಕ್ಕ ಆ ಪುಟವನ್ನು ಎಷ್ಟು ಸಲ ಓದಿದರೋ ಗೊತ್ತಿಲ್ಲ. “ಗೊತ್ತಿತ್ತು ಅವರಿಗೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಅಷ್ಟು ವರ್ಷಗಳ ರೂಢಿಯಂತೆ, “ಮತ್ತೆ ಯಾಕೆ ನನ್ನ ಕೇಳ್ಲಿಲ್ಲ?” ಎಂದರು. ನಂತರ ಪೆನ್ನು ತೆಗೆದುಕೊಂಡು ದಿನಚರಿಯ ‘ಕಾರಣ ತಿಳಿದಿಲ್ಲ’ ಎಂಬುದರ ಕೆಳಗೆ ನಡೆದದ್ದನ್ನು ಬರೆದು, ಬರೆದ ದಿನದ ದಿನಾಂಕವನ್ನೇ ಹಾಕಿ, ಸಹಿ ಮಾಡಿದರು. ತಂತ್ರಾಂಶ ಈಗ ‘ಕಾಯಿರಿ’ ಎನ್ನುವುದಿಲ್ಲ. ‘ತೊಟ್ಟಿಗೆ ಯಾರು ಏನು ಹಾಕಿದರು ಎಂದು ವಿಚಾರಿಸಿ’ ಎನ್ನುತ್ತದೆ.

ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದಾಗ ಅವರು ಬೇಡಿದ್ದು ಮೇಷ್ಟ್ರ ಆ ಪುಟದ ಒಂದು ಪ್ರತಿ. ಚೌಕಟ್ಟನ್ನು ಅವರೇ ಮನೆಯಿಂದ ತಂದರು. ಅದರಲ್ಲಿದ್ದ ಪ್ರಶಂಸಾಪತ್ರವನ್ನು ಹೊರತೆಗೆದಿದ್ದರು. ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ವಾರಕ್ಕೆರಡು ಬೆಳಗ್ಗೆ ಇನ್ನು ಮುಂದೆಯೂ ಅವರದೇ. ಅವರು ಕೇಳದೆ ಉಳಿಸಿಕೊಂಡ ಪ್ರಶ್ನೆಗಳು ಇನ್ನೂ ಬಹಳವಿವೆ. ಅವನ್ನೆಲ್ಲ ಕೇಳಿ ಮುಗಿಸುವಷ್ಟು ದೀರ್ಘವಾದ ಆಯುಷ್ಯವೂ ಕಣ್ಣಿನ ಬೆಳಕೂ ಅವರಿಗೆ ಇರಲಿ ಎಂದು ಘಟಕದ ಎಲ್ಲರ ಪರವಾಗಿ ಹಾರೈಸುತ್ತೇವೆ. ಅವರ ಮನೆಯ ಗೋಡೆಯ ಮೇಲೆ ಈಗ ಆ ಹಳೆಯ ಚೌಕಟ್ಟು ಮೊದಲ ಬಾರಿಗೆ ತೂಗುತ್ತಿದೆ.