ಎರಡು ಸಮಚಿಹ್ನೆಗಳ ಊರು

ಬೆಂಗಳೂರಿನಲ್ಲಿ ನನ್ನನ್ನು ಮೊದಲು ಬೈದದ್ದು ಒಂದು ಯಂತ್ರ. ಅದೂ ಇಂಗ್ಲಿಷಿನಲ್ಲಿ, ತಪ್ಪು ಎಷ್ಟನೇ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಿ.

ಜಯನಗರದ ಒಂದು ಮನೆಯ ಮಹಡಿಯಲ್ಲಿ ನಮ್ಮ ಕಚೇರಿ. ಬೀದರಿನಲ್ಲಿ ಗಣಿತ ಓದಿ ಬಂದಿದ್ದ ನನ್ನನ್ನು ಮಾಲೀಕರಾದ ರಘುನಾಥ್ ಸಾರ್ ಕಪ್ಪು ಪರದೆಯೊಂದರ ಮುಂದೆ ಕೂರಿಸಿದ್ದರು. ಕಂಪ್ಯೂಟರಿಗೆ ಮಾಡಿಸಬೇಕಾದ ಕೆಲಸವನ್ನು 'ಸಿ' ಎಂಬ ಭಾಷೆಯಲ್ಲಿ ಬರೆಯಬೇಕು. ಆಮೇಲೆ 'ಸಿಸಿ' ಎಂದು ಒತ್ತಿ, ಬರೆದದ್ದರ ಹೆಸರು ಕೊಡಬೇಕು. ಆಗ ಕಂಪೈಲರ್ ಎಂಬ ಅನುವಾದಕ ಅದನ್ನೋದಿ ಯಂತ್ರದ ಭಾಷೆಗೆ ತಿರುಗಿಸುತ್ತದೆ. ತಪ್ಪಿದ್ದರೆ ಬೈಯುತ್ತದೆ. ತಪ್ಪಿಲ್ಲದಿದ್ದರೆ ಏನೂ ಹೇಳುವುದಿಲ್ಲ. ನಮ್ಮ ಬೀದರಿನಲ್ಲಿ ಒಂದು ರೊಟ್ಟಿ ದುಂಡಗೆ ಬಂದರೂ ಓಣಿಯವರಾದ ನೀವೆಲ್ಲ ಶಭಾಸ್ ಅನ್ನುತ್ತೀರಿ. ಇಲ್ಲಿ ಸುಮ್ಮನಿದ್ದರೆ ಅದೇ ಶಭಾಸ್‌ಗಿರಿ.

ಅದಕ್ಕೂ ಮೊದಲು ಮನೆ ಹುಡುಕುವಾಗಲೂ ಪರೀಕ್ಷೆಯೇ. ಕಚೇರಿಯ ಹತ್ತಿರವೇ ಒಂದು ಕೋಣೆ ಖಾಲಿ ಇತ್ತು. ಯಜಮಾನಿ ಕಾಫಿ ಕೊಟ್ಟು, "ನೀವು ಯಾವ ಜನ?" ಎಂದು ಕೇಳಿದರು. ಬೌದ್ಧರು ಎಂದೆ. ಲೋಟ ಕೆಳಗಿಡುವಷ್ಟರಲ್ಲಿ ಆ ಕೋಣೆ ಬೇರೆ ಯಾರಿಗೋ ಹೋಗಿಬಿಟ್ಟಿತ್ತು. ಅಂಥ ಇನ್ನೂ ಕೆಲವು ಕಾಫಿಗಳನ್ನು ಕುಡಿದ ಮೇಲೆ ಹೊಸಕೆರೆಹಳ್ಳಿಯಲ್ಲಿ ಮುನಿಯಮ್ಮ ಸಿಕ್ಕರು. ಅವರ ರಾಗಿ ಹೊಲವೆಲ್ಲ ಸೈಟುಗಳಾಗಿ, ಉಳಿದ ತುಂಡಿನಲ್ಲಿ ಸಾಲುಮನೆ ಕಟ್ಟಿಸಿದ್ದರು. ನಾನೇ ಮೊದಲು ನಮ್ಮ ಜನ ಯಾವುದೆಂದು ಹೇಳಿ, ಗೋಡೆಗೆ ಬುದ್ಧನ ಪಟ ಹಾಕುತ್ತೇನೆ ಎಂದೆ.

"ಯಾವ ಪಟನಾದ್ರೂ ಹಾಕ್ಕೊಳವ್ವ, ಮೊಳೆ ಮಾತ್ರ ಒಂದೇ ಹೊಡಿ. ನೀರು ಬೆಳಿಗ್ಗೆ ಬರ್ತದೆ, ಎದ್ದು ತುಂಬ್ಕೊ" ಎಂದರು.

"ನಾಳಿಂದ ಕೆಲಸಕ್ಕ ಹೋಗ್ಲತ್ತೀನಿ, ಬೆಳಿಗ್ಗೆ ಏಳ್ತೀನಿ" ಎಂದೆ.

"ಹೋಗ್ಲತ್ತೀನಾ? ಹೋಗ್ತೀಯೋ, ಇಲ್ಲ ಲತ್ತೆ ಹೊಡೀತೀಯೋ?" ಎಂದು ನಮ್ಮ ಬೀದರಿನ ಮಾತಿನಲ್ಲಿ ಲತ್ತೆ, ಅಂದರೆ ಒದೆ, ಕಂಡು ಅವರು ನಕ್ಕ ನಗು ಸಾಲುಮನೆಯ ಕೊನೆಯವರೆಗೂ ಕೇಳಿಸಿತು. ಆ ನಗುವಿನಿಂದ ನನಗೆ ಬೇಸರವಾಗಲಿಲ್ಲ. ಸಂಜೆ ಅವರೇ ಮುದ್ದೆ, ಬಸ್ಸಾರು ತಂದುಕೊಟ್ಟರು. ಬಸ್ಸಾರು ಎಂದರೆ ಬೇಯಿಸಿದ ಸೊಪ್ಪು, ಕಾಳು ಬಸಿದ ನೀರಿನಿಂದ ಮಾಡುವ ಸಾರು. ನಾನು ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿದೆ. "ಅಗೀಬ್ಯಾಡ, ನುಂಗು!" ಎಂದು ಕೂಗಿದರು. ನುಂಗುವುದನ್ನು ಕಲಿಯಲು ಕಂಪೈಲರ್ ಕಲಿತಷ್ಟೇ ಕಾಲ ಬೇಕಾಯಿತು.

ಆ ಕಂಪೈಲರಿನ ಬೈಗುಳವೂ ಕ್ರಮೇಣ ಅರ್ಥವಾಗತೊಡಗಿತು. ಅದು ತೋರಿಸಿದ ಸಾಲಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗದಿದ್ದರೆ, ಮೇಲಿನ ಸಾಲಿನ ಕೊನೆಯಲ್ಲಿ ಅರ್ಧವಿರಾಮ ಬಿಟ್ಟುಹೋಗಿರುತ್ತಿತ್ತು. ಕರೆಂಟು ಹೋದರೆ ಬರೆದದ್ದೆಲ್ಲ ಹೋಗುತ್ತಿತ್ತು, ಮತ್ತೆ ಬರೆಯುತ್ತಿದ್ದೆ. ಒಂದು ದಿನ ರಘುನಾಥ್ ಸಾರ್ ನನಗೇ ಒಂದು ಕೆಲಸ ಕೊಟ್ಟರು. ಬೊಮ್ಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ತೊಟ್ಟಿಯಿತ್ತು. ಅದರ ಕಾವು ಮಿತಿ ಮೀರಿದರೆ ಗಂಟೆ ಬಾರಿಸುವ ಪ್ರೋಗ್ರಾಂ ಬೇಕಾಗಿತ್ತು. "ಇದು ಸರಿಹೋದ್ರೆ ನಿಮ್ ಕೆಲಸ ಪರ್ಮನೆಂಟು" ಎಂದರು.

ಬರೆದೆ. ಕಂಪೈಲರ್ ತುಟಿಪಿಟಕ್ಕೆನ್ನಲಿಲ್ಲ. ಕಾವು ಹೆಚ್ಚಿರುವ ಅಂಕಿಗಳನ್ನು ಕೊಟ್ಟು ನೋಡಿದೆ, ಗಂಟೆ ಬಾರಿಸಿತು. ಹಿಗ್ಗಿನಿಂದ ಬೊಮ್ಮನಹಳ್ಳಿಗೆ ಹೋದೆವು.

ತೊಟ್ಟಿ ಇನ್ನೂ ತಣ್ಣಗಿತ್ತು. ಯಂತ್ರ ಚಾಲೂ ಮಾಡಿದ್ದೇ ಗಂಟೆ ಹೊಡೆದುಕೊಳ್ಳತೊಡಗಿತು. ಏನು ಒತ್ತಿದರೂ ನಿಲ್ಲಲಿಲ್ಲ. ಏನೋ ಸಿಡಿಯುತ್ತದೆಂದು ಹೆದರಿದ ಹೆಂಗಸರು ಒದ್ದೆ ಕೈಯಲ್ಲೇ ಅಂಗಳಕ್ಕೆ ಓಡಿದರು.

"ತಗೊಂಡ್ ಹೋಗ್ರೀ ನಿಮ್ ಪೆಟ್ಟಿಗೇನ!" ಎಂದು ಮ್ಯಾನೇಜರು ಕಿರುಚಿದರು.

ವ್ಯಾನಿನಲ್ಲಿ ರಘುನಾಥ್ ಸಾರ್ ಮೆಲ್ಲಗೆ, "ಮದ್ರಾಸಿಂದ ಒಬ್ರನ್ನ ಕರೆಸ್ತೀನಿ. ನೀವು ಸದ್ಯಕ್ಕೆ ಟೈಪಿಂಗ್ ನೋಡ್ಕೊಳ್ಳಿ" ಎಂದರು.

"ಬ್ಯಾಡ್ರಿ ಸಾರ್. ನಾ ಬರ್ದಿದ್ದು, ನಾನೇ ಸರಿ ಮಾಡ್ತೀನಿ. ಸಂಜಿ ತನ ಟೈಂ ಕೊಡ್ರಿ."

ಅವರು ಕಿಟಕಿಯಾಚೆ ನೋಡುತ್ತಾ, "ಸಂಜೆವರೆಗೂ" ಎಂದರು.

ಬರೆದದ್ದನ್ನು ಓದಿದೆ. ಎಲ್ಲ ಸರಿಯಾಗಿಯೇ ಕಂಡಿತು. ಕಂಪೈಲರನ್ನು ಕೇಳಿದೆ, ಅದೂ ಸುಮ್ಮನಿತ್ತು. ಅದು ನೋಡುವುದು ವ್ಯಾಕರಣವನ್ನಷ್ಟೇ, ನನ್ನ ಮನಸ್ಸಿನಲ್ಲಿದ್ದದ್ದನ್ನಲ್ಲ ಎಂಬುದು ಅಂದು ತಿಳಿಯಿತು. ಕೊನೆಗೆ ಪ್ರತಿ ಹೆಜ್ಜೆಯಲ್ಲೂ ಒಳಗಿನ ಅಂಕಿಗಳನ್ನು ಪರದೆಯ ಮೇಲೆ ತೋರಿಸುವಂತೆ ಸಾಲುಗಳನ್ನು ಸೇರಿಸುತ್ತಾ ಹೋದೆ. ಪ್ರತಿ ಸಲವೂ ಸಿಸಿ ಒತ್ತುವುದು, ಕಾಯುವುದು, ಓಡಿಸಿ ನೋಡುವುದು. ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯಿತು. ಆಗ ಕಣ್ಣಿಗೆ ಬಿತ್ತು: ಕಾವು ಮೀರಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಎಂದು ನಾನಿಟ್ಟಿದ್ದ ಗುರುತು ಒಂದು ಸಾಲಿನ ಮೊದಲು ಸೊನ್ನೆಯಾಗಿದ್ದು, ಅದನ್ನು ದಾಟಿದೊಡನೆ ಒಂದಾಗುತ್ತಿತ್ತು.

ಸಿ ಭಾಷೆಯಲ್ಲಿ ಎರಡು ಸಮಚಿಹ್ನೆ ಹಾಕಿದರೆ "ಸಮವಾಗಿದೆಯೇ?" ಎಂಬ ಪ್ರಶ್ನೆ. ಒಂದೇ ಹಾಕಿದರೆ "ಸಮ ಮಾಡು" ಎಂಬ ಅಪ್ಪಣೆ. ಕಾವು ಮೀರಿದೆಯೇ ಎಂದು ಕೇಳಬೇಕಾದಲ್ಲಿ, ಮೀರಿದೆ ಎಂದುಕೋ ಎಂದು ನಾನು ಅಪ್ಪಣೆ ಕೊಟ್ಟಿದ್ದೆ. ಅದು ಪಾಲಿಸಿತ್ತು! ಇನ್ನೊಂದು ಚಿಹ್ನೆ ಸೇರಿಸಿ, ಈ ಸಲ ತಣ್ಣಗಿನ ಅಂಕಿಗಳನ್ನೂ ಕೊಟ್ಟು ನೋಡಿದೆ. ಮೌನ. ಹೆಚ್ಚಿನ ಕಾವು ಕೊಟ್ಟೆ. ಗಂಟೆ. ರಘುನಾಥ್ ಸಾರ್ ಬಾಗಿಲಲ್ಲಿ ನಿಂತು ಎರಡನ್ನೂ ಕೇಳಿಸಿಕೊಂಡರು. ಮದ್ರಾಸಿನ ಮಾತು ಮತ್ತೆ ಬರಲಿಲ್ಲ.

ಮರುದಿನ ಬೇಡಿಕೊಂಡು ಮತ್ತೊಮ್ಮೆ ಕಾರ್ಖಾನೆಯ ಒಳಗೆ ಹೋದೆವು. ಹಬೆ ಬಿಟ್ಟರು. ತೊಟ್ಟಿ ಕಾಯುತ್ತಾ ಬಂತು, ಗಂಟೆ ಸುಮ್ಮನಿತ್ತು. ಮಿತಿ ದಾಟಿತು, ಗಂಟೆ ಹೊಡೆಯಿತು. ಹಬೆ ತಗ್ಗಿಸಿ ತಣ್ಣೀರು ಬಿಟ್ಟರು, ಸ್ವಲ್ಪ ಹೊತ್ತಿಗೆ ನಿಂತಿತು. ಹಿಂದಿನ ದಿನ ಓಡಿದ್ದ ಹೆಂಗಸೊಬ್ಬಳು ಹತ್ತಿರ ಬಂದು, "ನೀನೇನಕ್ಕ ಇದನ್ ಮಾಡಿದ್ದು? ನೆನ್ನೆ ಜೀವಾನೇ ಬಾಯಿಗ್ ಬಂದಿತ್ತು. ಇವತ್ತು ಸಖತ್ತಾಗದೆ" ಎಂದಳು. ಮ್ಯಾನೇಜರು ಟೀ ತರಿಸಿದರು.

ಆ ಬೇಸಿಗೆಯಲ್ಲಿ ಊರಿಗೆ ಬಂದಾಗ ನೀವೆಲ್ಲ ನನ್ನನ್ನು ನೋಡಿದಿರಿ. ಮೊದಲು ಓಣಿಯಲ್ಲಿ ಸಿಕ್ಕವರು "ಎಲ್ಲಿ ಹೊಂಟಿ?" ಎನ್ನುತ್ತಿದ್ದರು. ಈಗ ಎಲ್ಲರೂ "ಯಾವಾಗ ಬಂದಿ? ವಾಪಸ್ ಯಾವಾಗ ಹೊಂಟಿ?" ಎಂದು ಕೇಳಿದಿರಿ. ಅದು ಬಂದುಹೋಗುವ ನೆಂಟರನ್ನು ಕೇಳುವ ಮಾತು. ಅಕ್ಕನೂ ನೆಂಟರಿಗಿಡುವ ಒಳ್ಳೆಯ ತಟ್ಟೆಯಲ್ಲಿ ಬಡಿಸಿ ಅದನ್ನೇ ಕೇಳಿದಳು.

ಹೊಸಕೆರೆಹಳ್ಳಿಗೆ ಮರಳಿ ಬೀಗ ತೆಗೆಯುತ್ತಿದ್ದಾಗ ಮುನಿಯಮ್ಮ ಹೊರಗೆ ಬಂದರು. "ಬಂದ್ಯಾ ತಾಯಿ? ಮತ್ತೆ ನಿಮ್ಮೂರಿಗೆ ಯಾವಾಗ ಹೋಗೋದು?"

ಇಲ್ಲೂ ಅದೇ ಪ್ರಶ್ನೆ, ಎರಡು ಸಮಚಿಹ್ನೆಯದು. ಬೀದರಿನಲ್ಲಿ ಅಕ್ಕನಿಗೆ ಹೇಳಿದ ಉತ್ತರವನ್ನೇ ಅವರಿಗೂ ಹೇಳಿದೆ: "ಇರ್ತೀನಿ, ಇನ್ನೂ ಇರ್ತೀನಿ."