ಬಸವನಿಗೆ ಉಡಿ ಇಲ್ಲ

ಪ್ರೇಮಕ್ಕ ಕೊರಳಿಗೆ ಕಂಪನಿಯ ಕಾರ್ಡು ಹಾಕಿಕೊಂಡೇ ತರಕಾರಿ ಕೊಳ್ಳಲು ಹೋಗುತ್ತಿದ್ದಳು. ನಗಬೇಡಿ. ಮದುವೆಯಾಗಿ ಅಹಮದಾಬಾದಿನ ವಸ್ತ್ರಾಪುರಕ್ಕೆ ಬಂದ ಮೇಲೆ ಆಕೆಯನ್ನು ಜನ ಸಿದ್ದಲಿಂಗಪ್ಪನವರ ಹೆಂಡತಿ ಎಂದರು, ಆಮೇಲೆ ಮಕ್ಕಳ ತಾಯಿ ಎಂದರು. ಕೆಳಗಿನ ವಾಚ್‌ಮನ್ ಅಂತೂ 'ತ್ರಣಸೋ ಬೇ ವಾಳಾ ಬೆನ್' ಎನ್ನುತ್ತಿದ್ದ, ಮುನ್ನೂರ ಎರಡನೇ ನಂಬರಿನ ಅಕ್ಕ ಅಂತ. ಈಗ ಐವತ್ತೈದು ದಾಟಿದ ಮೇಲೆ ಒಂದು ಕಾರ್ಡು ಬಂದಿದೆ, ಅದರಲ್ಲಿ ಫೋಟೊ ಇದೆ, ಫೋಟೊದ ಕೆಳಗೆ ಸ್ವಂತ ಹೆಸರೇ ಇದೆ. ಅದನ್ನು ಹಾಕಿಕೊಳ್ಳದೆ ಟ್ರಂಕಿನಲ್ಲಿಟ್ಟು ಪೂಜೆ ಮಾಡಬೇಕಿತ್ತೇ?

ಸಿದ್ದಲಿಂಗಪ್ಪನವರಿಗೆ ಇದು ದಿನದ ಮನರಂಜನೆ. ಉಪಗ್ರಹ ಕಳಿಸಿದ ಚಿತ್ರಗಳನ್ನು ನೋಡುವ ಸರ್ಕಾರಿ ಕೆಲಸದಲ್ಲೇ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತರಾದವರು ಅವರು.

"ನಾ ಆಕಾಶದಾಗಿಂದ ಹೊಲಾ ನೋಡ್ದೆ, ನೀ ಮೊಣಕಾಲೆತ್ತರದಿಂದ ನೋಡಾಕತ್ತಿ. ಇಬ್ಬರೂ ಕೂಡಿ ಒಂದಿನಾನೂ ಕಸಾ ಕೀಳಲಿಲ್ಲ ನೋಡು," ಎಂದು ಕೆಣಕುತ್ತಿದ್ದರು.

"ನೀವು ಕೀಳಲಿಲ್ಲ. ನಾ ಕಿತ್ತೀನಿ. ಸುಮ್ನ ಚಾ ಕುಡೀರಿ," ಎನ್ನುತ್ತಿದ್ದಳು ಪ್ರೇಮಕ್ಕ.

ಕೆಲಸ ಬಂದದ್ದು ಸಂಹಿತಾಳಿಂದ. ಮೈಸೂರಿನ ಈ ಹುಡುಗಿ ಅವರ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ವಟ್ವಾದಲ್ಲಿ, ಬಣ್ಣದ ಕಾರ್ಖಾನೆಗಳ ನಡುವಿನ ಒಂದು ಶೆಡ್ಡಿನಲ್ಲಿ, ತರಕಾರಿ ಹೊಲದ ಕಳೆ ತೆಗೆಯುವ ಯಂತ್ರ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಎಂಜಿನಿಯರು. ಯಂತ್ರಕ್ಕೆ ನಾಲ್ಕು ಚಕ್ರ, ಬೆನ್ನ ಮೇಲೆ ಸೋಲಾರ್ ಹಲಗೆ, ಹೊಟ್ಟೆಯ ಕೆಳಗೆ ಕ್ಯಾಮರಾ ಮತ್ತು ಸಣ್ಣ ಸಣ್ಣ ಕುಡ, ಅಂದರೆ ಕಬ್ಬಿಣದ ಅಲಗು. ನಡೆಸುವವರು ಯಾರೂ ಬೇಡ. ತಾನೇ ಸಾಲು ಹಿಡಿದು ಹೋಗುತ್ತದೆ, ಬೆಳೆ ಯಾವುದು ಕಳೆ ಯಾವುದು ಎಂದು ತಾನೇ ನೋಡುತ್ತದೆ, ಕಳೆಯನ್ನು ಮಾತ್ರ ಕೊಚ್ಚುತ್ತದೆ.

ಅದನ್ನು ಮೊದಲ ಸಲ ಕಂಡಾಗ ಪ್ರೇಮಕ್ಕ ಬಾಯಿ ಮೇಲೆ ಕೈಯಿಟ್ಟಳು. "ಅಯ್ಯ, ಇದು ಕಸಾ ತಗಿಯೋ ಎಡಿಕುಂಟಿ ಅಲ್ಲೇನವಾ! ಎತ್ತು ಎಲ್ಲಿ?"

"ಎತ್ತೂ ಇದೇ ಆಂಟಿ," ಎಂದಳು ಸಂಹಿತಾ.

"ಹಂಗಾರ ಇದು ಬಸವ," ಎಂದವಳೇ ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದಳು.

"ಆಂಟಿ, ಕ್ಯಾಮರಾಗೆ ಮಾತ್ರ ಬೇಡ, ಪ್ಲೀಸ್!" ಎಂದು ಸಂಹಿತಾ ಓಡಿ ಬಂದಳು. ಕುಂಕುಮ ಬಸವನ ಹಣೆಗೆ ಹತ್ತಿತು, ಕಣ್ಣು ಉಳಿಯಿತು. ಅಂದಿನಿಂದ ಶೆಡ್ಡಿನಲ್ಲಿ ಎಲ್ಲರೂ ಅದನ್ನು ಬಸವ ಎಂದೇ ಕರೆದರು.

ಬಸವನಿಗೆ ಕಣ್ಣಿದ್ದರೆ ಸಾಲದು, ಬುದ್ಧಿ ಬೇಕಲ್ಲ? ಹೊಲದ ಸಾವಿರಾರು ಫೋಟೊಗಳಲ್ಲಿ ಬೆಳೆಯ ಸುತ್ತ ಹಸಿರು ಚೌಕ, ಕಳೆಯ ಸುತ್ತ ಕೆಂಪು ಚೌಕ ಹಾಕಿ ಯಾರಾದರೂ ಅದಕ್ಕೆ ಕಲಿಸಬೇಕು. ಹಸಿರಿದ್ದದ್ದನ್ನು ಬಿಡುತ್ತದೆ, ಕೆಂಪಿದ್ದದ್ದನ್ನು ಕೊಚ್ಚುತ್ತದೆ. ಆ ಕೆಲಸಕ್ಕೆ ಪ್ರೇಮಕ್ಕ ನಿಂತಳು. ಹುಟ್ಟಿದ್ದು ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿ, ಬೆಳೆದದ್ದು ಅವ್ವನ ಹಿಂದೆ ಕಳೆ ಕೀಳುತ್ತ. ಕಂಪನಿಯ ಯಜಮಾನ ದಿವಾಕರ, ತುಮಕೂರಿನವನು, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು, ಅವನೇ "ಪ್ರೇಮಾ ಮೇಡಮ್" ಎಂದು ಕರೆದು ಕಾರ್ಡು ಕೊಟ್ಟ. ಮೇಡಮ್! ಆ ದಿನ ಮನೆಯಲ್ಲಿ ಗೋಧಿ ಹುಗ್ಗಿಯಾಯಿತು.

ಮಧ್ಯಾಹ್ನದ ಊಟವಾದ ಮೇಲೆ ಆಕೆ ಲ್ಯಾಪ್‌ಟಾಪಿನ ಮುಂದೆ ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಸಿದ್ದಲಿಂಗಪ್ಪನವರು ತಾವೇ ಚಹಾ ಮಾಡಿಕೊಳ್ಳಲು ಕಲಿತರು, ಹೆಂಡತಿಗೂ ಒಂದು ಲೋಟ ತಂದಿಡುವುದನ್ನೂ ಕಲಿತರು. ಮೊದಮೊದಲು ಸಂಹಿತಾ ಪ್ರತಿ ಫೋಟೊವನ್ನೂ ನೋಡುತ್ತಿದ್ದಳು. ಗೆರೆ ನೇರ, ಚೌಕ ಅಚ್ಚುಕಟ್ಟು. ಆಮೇಲೆ ಆಂಟಿ ಮಾಡಿದ್ದನ್ನು ಏನು ನೋಡುವುದು ಎಂದು ಬಿಟ್ಟಳು. ಬಿಡಬಾರದಿತ್ತು.

ವಡೋದರಾದ ಆಚೆ, ಪಾದರಾದ ಹತ್ತಿರ, ಗಿರಿಧರಭಾಯಿ ಎಂಬ ರೈತನ ಎಲೆಕೋಸಿನ ಹೊಲದಲ್ಲಿ ಬಸವನ ಪರೀಕ್ಷೆ ಗೊತ್ತಾಯಿತು. ಆತ ತಲೆಯಾಡಿಸಿದರೆ ಸುತ್ತಲಿನ ತರಕಾರಿ ಬೆಳೆಗಾರರೂ ತಲೆಯಾಡಿಸುತ್ತಾರೆ. ಆತ ಬೇಡ ಎಂದರೆ ವಟ್ವಾದ ಶೆಡ್ಡಿಗೆ ಬೀಗ ಎಂದು ದಿವಾಕರ ಹೇಳಿಬಿಟ್ಟಿದ್ದ. ಶೆಡ್ಡಿಗೆ ಬೀಗ ಬಿದ್ದರೆ ಕಾರ್ಡೂ ಟ್ರಂಕಿಗೆ. ಪ್ರೇಮಕ್ಕ ಹಟ ಹಿಡಿದು ತಾನೂ ಹೊರಟಳು, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು.

ಹೊಲದ ಬದುವಿನಲ್ಲಿ ಇಪ್ಪತ್ತು ಮೂವತ್ತು ರೈತರು ನಿಂತಿದ್ದರು. ಬಸವ ಸಾಲಿಗೆ ಇಳಿದ. ಹುಲ್ಲನ್ನು ಕೊಚ್ಚಿದ, ಜೇಕನ್ನು ಬುಡಸಹಿತ ಎತ್ತಿದ, ಕೋಸಿನ ಒಂದೆಲೆಗೂ ಗಾಯ ಮಾಡಲಿಲ್ಲ. ರೈತರು "ವಾಹ್" ಎಂದರು. ಆಮೇಲೆ ಒಬ್ಬ ಮುಂದೆ ಬಂದು ಬಗ್ಗಿ ನೋಡಿದ. ಇನ್ನೊಬ್ಬ ಬಗ್ಗಿದ. ನಗು ಶುರುವಾಯಿತು.

ಕೋಸಿನ ನಡುವೆ ತಾನಾಗಿ ಹುಟ್ಟಿದ ಸೊಪ್ಪು, ಗೋಳಿಪಲ್ಯೆ, ಹಾಗೇ ನಿಂತಿತ್ತು. ಕಿರಕಸಾಲಿ ನಿಂತಿತ್ತು. ಹಕ್ಕರಕಿ ನಿಂತಿತ್ತು. ಅದೂ ಹೇಗೆ? ಸುತ್ತಲಿನ ಕಸವೆಲ್ಲ ಹೋಗಿ, ಬೇಕೆಂದೇ ಬೆಳೆಸಿದ ಮಡಿಯಂತೆ. ಬಸವ ಒಂದೊಂದು ಗೋಳಿಯ ಹತ್ತಿರ ಬಂದಾಗಲೂ ಕುಡ ಎತ್ತಿಕೊಂಡು, ದಾಟಿ, ಮತ್ತೆ ಇಳಿಸುತ್ತಿದ್ದ.

ಪ್ರೇಮಕ್ಕ ಒಮ್ಮೆಲೇ ಗುರುತು ಹಿಡಿದಳು. ಅದು ಅವ್ವನ ಕೈ! ಅವ್ವ ಹೀಗೇ ಕುರ್ಚಿಗಿಯಿಂದ ಕಸ ತೆಗೆಯುತ್ತ, ಪಲ್ಯೆ ಬಂದಲ್ಲಿ ಕೈ ಎತ್ತಿ ದಾಟುತ್ತಿದ್ದಳು. ಅವರ ಊರಿನಲ್ಲಿ ಕಳೆ ಕೀಳುವ ಹೆಂಗಸರೆಲ್ಲ ಹಾಗೇ. ತಿನ್ನುವ ಸೊಪ್ಪಿಗೆ ಯಾರೂ ಕಸ ಎನ್ನುತ್ತಿರಲಿಲ್ಲ. ಸಾಲು ಮುಗಿದ ಮೇಲೆ ವಾಪಸು ಬರುತ್ತ ಅದನ್ನೆಲ್ಲ ಚಿವುಟಿ, ಸೀರೆಯ ಉಡಿ ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದರು. ರಾತ್ರಿ ರೊಟ್ಟಿಯ ಜೊತೆ ಅದೇ. ಪ್ರೇಮಕ್ಕ ಅದನ್ನು ತಿಂದೇ ಬೆಳೆದಿದ್ದಳು. ಫೋಟೊದಲ್ಲಿ ಕಂಡಾಗ ಕೆಂಪು ಚೌಕ ಹಾಕಬೇಕೆಂದು ಆಕೆಗೆ ಹೊಳೆಯಲೇ ಇಲ್ಲ. ಹಸಿರು ಹಾಕಿದ್ದಳು, ಪ್ರೀತಿಯಿಂದ.

"ಯಾರ್ರೀ ಇದನ್ನ ಮಾರ್ಕ್ ಮಾಡಿದ್ದು?" ದಿವಾಕರನ ಮುಖ ಕೆಂಪಾಗಿತ್ತು. "ಸಂಹಿತಾ, ನೀವು ಚೆಕ್ ಮಾಡ್ಲಿಲ್ವಾ?"

"ಸಾರ್, ತಪ್ಪು ನಂದೇ..." ಎಂದಳು ಸಂಹಿತಾ.

ಕುಣಿಯಲಾರದವಳು ನೆಲ ಡೊಂಕು ಅಂದಹಾಗೆ ಕ್ಯಾಮರಾಕ್ಕೆ ಧೂಳು ಕೂತಿದೆ ಎಂದುಬಿಡಬಹುದಿತ್ತು. ಸುಮ್ಮನೆ ನಿಂತರೂ ಆಗುತ್ತಿತ್ತು. ಪ್ರೇಮಕ್ಕನಿಂದ ಎರಡೂ ಆಗಲಿಲ್ಲ.

"ಆ ಕೂಸಿಗೆ ಯಾಕ ಬೈತೀರಿ? ನಾನೇ ಮಾಡೀನ್ರಿ ಸರ. ತಿನ್ನೋ ಪಲ್ಯೆ ಐತಿ, ಕಡೀಗೆ ಆರಿಸ್ಕೊಂಡ್ರಾತು ಅಂತ ಬಿಟ್ಟೆ."

"ಯಾರು ಮೇಡಮ್ ಆರಿಸ್ಕೊಳ್ಳೋದು? ಮಷೀನಾ?"

ಪ್ರೇಮಕ್ಕ ಬಸವನನ್ನು ನೋಡಿದಳು. ಅದಕ್ಕೆ ಚಕ್ರವಿದೆ, ಕುಡವಿದೆ, ಕಣ್ಣಿದೆ. ಉಡಿ ಇಲ್ಲ. ಅಷ್ಟು ಸಣ್ಣ ಮಾತು ತನ್ನ ತಲೆಗೆ ಹೋಗಲಿಲ್ಲವಲ್ಲ ಎಂದು ನಾಚಿಕೆಯಿಂದ ಕಣ್ಣು ತುಂಬಿ ಬಂತು.

ಗಿರಿಧರಭಾಯಿ ಒಳ್ಳೆಯವನು, ನಗಲಿಲ್ಲ. "ಬೆನ್, ಈ ಲೂಣಿಯನ್ನು ನಮ್ಮ ಮನೆಯಲ್ಲೂ ತಿನ್ನುತ್ತೇವೆ," ಎಂದು ಗೋಳಿಯನ್ನು ತೋರಿಸಿ ಗುಜರಾತಿಯಲ್ಲಿ ಮೆಲ್ಲಗೆ ಹೇಳಿದ. "ಆದರೆ ಕೋಸಿಗೆ ಕೊಟ್ಟ ನೀರನ್ನೆಲ್ಲ ಇದೇ ಕುಡಿದರೆ ಕೋಸು ಏನು ಕುಡಿಯಬೇಕು? ಹದಿನೈದು ದಿನ ಬಿಟ್ಟು ಮತ್ತೊಮ್ಮೆ ತನ್ನಿ. ಆಗಲೂ ಹೀಗೇ ಆದರೆ ನಮಸ್ಕಾರ."

ಪ್ರೇಮಕ್ಕ ಕಾರ್ಡು ತೆಗೆದು ದಿವಾಕರನ ಕೈಗಿಟ್ಟಳು. ಆತ ಅದನ್ನು ಜೇಬಿಗೆ ಹಾಕಿಕೊಂಡ. "ನೀವೇ ಸರಿ ಮಾಡಿ ಮೇಡಮ್. ಆಮೇಲೆ ನೋಡೋಣ," ಎಂದ.

ಆ ಹದಿನೈದು ದಿನ ಆಕೆ ಪಟ್ಟ ಸಂಕಟ ದೇವರಿಗೇ ಗೊತ್ತು. ಒಂದೊಂದೇ ಫೋಟೊ ತೆಗೆದು, ಹಸಿರನ್ನು ಅಳಿಸಿ ಕೆಂಪು ಹಾಕಬೇಕು. ಅವ್ವ ಉಣಿಸಿದ ಗೋಳಿಗೆ ಕೆಂಪು, ಹಕ್ಕರಕಿಗೆ ಕೆಂಪು. "ತಪ್ಪಾತವಾ, ಹೊಟ್ಟ್ಯಾಗ ಹಾಕ್ಕೋ," ಎಂದು ಪ್ರತಿಯೊಂದಕ್ಕೂ ಗೊಣಗುತ್ತ ಹಾಕಿದಳು. ಈ ಸಲ ಸಂಹಿತಾ ಪಕ್ಕದಲ್ಲೇ ಕೂತು ಎಲ್ಲವನ್ನೂ ನೋಡಿದಳು. ಸಿದ್ದಲಿಂಗಪ್ಪನವರು ಒಂದು ದಿನವೂ ಕೆಣಕಲಿಲ್ಲ. ತರಕಾರಿ ತರಲೂ ತಾವೇ ಹೋದರು, ಬರಿಗೊರಳಲ್ಲಿ ಹೋಗಲು ಆಕೆಗೆ ಮನಸ್ಸಿಲ್ಲವೆಂದು ಅವರಿಗೆ ಗೊತ್ತಿತ್ತು.

ಎರಡನೇ ಸಲವೂ ಬದುವಿನ ಮೇಲೆ ಅದೇ ರೈತರು ನಿಂತಿದ್ದರು. ಬಸವ ಸಾಲಿಗೆ ಇಳಿದ. ಮೊದಲ ಗೋಳಿಯ ಹತ್ತಿರ ಬಂದ. ಪ್ರೇಮಕ್ಕ ಬಗ್ಗಿ ನೋಡಿದಳು. ಕುಡ ಮೇಲೇಳಲಿಲ್ಲ, ಚಕ್ ಎಂದು ಬುಡಕ್ಕೇ ಬಿತ್ತು. ಗೋಳಿ ಮಗ್ಗುಲಾಗಿ ಬಿತ್ತು. ಎರಡನೆಯದು, ಮೂರನೆಯದು. ಗೆದ್ದೆವು ಎಂದು ಸಂಹಿತಾ ಆಂಟಿಯ ಕೈ ಅದುಮಿದಳು. ಪ್ರೇಮಕ್ಕನಿಗೆ ಸಂತೋಷವಾಯಿತು, ಆದರೆ ಕಣ್ಣು ಬಿದ್ದ ಗೋಳಿಯ ಮೇಲೇ ಇತ್ತು. ಸಾಲಿನುದ್ದಕ್ಕೂ ತಾಜಾ ಪಲ್ಯೆ ಬಿಸಿಲಿಗೆ ಬಿದ್ದಿದೆ, ಒಂದು ಗಳಿಗೆ ಬಿಟ್ಟರೆ ಬಾಡಿಹೋಗುತ್ತದೆ.

ತಡೆಯಲಿಲ್ಲ ಆಕೆಗೆ. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿಕೊಂಡವಳೇ ಸಾಲಿಗೆ ಇಳಿದಳು. ಬಸವ ಮುಂದೆ ಮುಂದೆ ಕೊಚ್ಚುತ್ತ ಹೋದ, ಆಕೆ ಹಿಂದೆ ಹಿಂದೆ ಆರಿಸುತ್ತ ಹೋದಳು. ಗಿರಿಧರಭಾಯಿಯ ಹೆಂಡತಿ ಸೀತಾಬೆನ್, "ಅರೆ, ನನಗೂ ಸ್ವಲ್ಪ ಬಿಡಿ," ಎಂದು ನಗುತ್ತ ಪಕ್ಕದ ಸಾಲು ಹಿಡಿದಳು.

ತಿರುಗಿ ಬರುವಾಗ ಗಿರಿಧರಭಾಯಿ ದಿವಾಕರನ ಕೈ ಕುಲುಕುತ್ತಿದ್ದ. ಬದುವಿನ ಮೇಲಿನ ರೈತರು ತಮ್ಮ ಹೊಲಕ್ಕೆ ಯಾವಾಗ ಎಂದು ಕೇಳುತ್ತಿದ್ದರು. ಪ್ರೇಮಕ್ಕ ಅವರನ್ನು ದಾಟಿ ಬುತ್ತಿಯ ಕಡೆಗೆ ನಡೆದಳು. ಎರಡೂ ಕೈಯಲ್ಲಿ ಉಡಿಯನ್ನು ಗಟ್ಟಿಯಾಗಿ ಹಿಡಿದಿದ್ದಳು, ಅಷ್ಟು ತುಂಬಿತ್ತು.

"ಪ್ರೇಮಾ ಮೇಡಮ್, ನಿಲ್ಲಿ," ಎಂದ ದಿವಾಕರ. ಜೇಬಿನಿಂದ ಕಾರ್ಡು ತೆಗೆದು ಮುಂದೆ ಚಾಚಿದ.

ಆಕೆ ಕಾರ್ಡನ್ನು ನೋಡಿದಳು, ಉಡಿಯನ್ನು ನೋಡಿದಳು. ಕೈ ಬಿಟ್ಟರೆ ಪಲ್ಯೆಯೆಲ್ಲ ನೆಲದ ಪಾಲು.

"ಕೈ ಖಾಲಿ ಇಲ್ರಿ ಸರ," ಎಂದು ಕತ್ತು ಬಗ್ಗಿಸಿದಳು. "ನೀವೇ ಹಾಕ್ರಿ."