ಬಲಗಣ್ಣಿಗೆ ಕಟ್ಟಿದ ಬಟ್ಟೆ

ಯುದ್ಧದ ಕಾಲದಲ್ಲಿ ಶ್ರೀನಿವಾಸಪುರಕ್ಕೆ ಟೆಂಟು ಸಿನಿಮಾ ಬಂದಾಗ ಯಲ್ದೂರು ಕಡೆಯ ನಮ್ಮ ಕೇರಿಯವರೂ ನಡೆದು ಹೋಗಿ ನೋಡಿದೆವು. ನೋಡಿದ್ದು ಪರದೆಯ ಹಿಂದೆ ಕೂತು. ಮುಂದಿನ ಮರಳಿನಲ್ಲಿ ನಮ್ಮ ಜಾತಿಗೆ ಜಾಗವಿರಲಿಲ್ಲ. ಹಿಂದಿನಿಂದಲೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಎಡ ಬಲ ಅದಲುಬದಲು, ಅಷ್ಟೇ. ಮಾತಿನ ಪೆಟ್ಟಿಗೆ ಮಾತ್ರ ನಮ್ಮ ಕಿವಿಯ ಪಕ್ಕದಲ್ಲೇ ಇತ್ತು. ಆ ಮಟ್ಟಿಗೆ ಗೌಡರಿಗಿಂತ ನಾವೇ ಅದೃಷ್ಟವಂತರು!

ತೆಲುಗು ಚಿತ್ರ. ಮೀಸೆ ಮೂಡದ ಹುಡುಗನೊಬ್ಬ ಒಂದು ಕಣ್ಣು ಮುಚ್ಚುವಂತೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ರಾಜನ ಕಣಜ ಒಡೆಯುತ್ತಾನೆ. "ಅಂದರಿಕಿ ಸಮಾನಂ" ಎನ್ನುತ್ತಾ ಎಲ್ಲರಿಗೂ ಒಂದೇ ಅಳತೆಯಲ್ಲಿ ಕಾಳು ಹಂಚುತ್ತಾನೆ. ನಮ್ಮಕ್ಕ ಎವೆ ಮುಚ್ಚಲಿಲ್ಲ. ಆಮೇಲೆ ಒಂದು ವಾರ ಊರಿನ ಹೈಕಳೆಲ್ಲ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ್ದೇ ಓಡಾಡಿದ್ದು.

ನಮ್ಮದು ನೀರಗಂಟಿ ಮನೆ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ನಮ್ಮ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮಾಡುತ್ತಿದ್ದ. ಕೆರೆಯಲ್ಲಿ ನೀರು ತಗ್ಗಿದರೆ ಕಾಲುವೆಯ ಕೊನೆಯ ಗದ್ದೆಗೇ ಮೊದಲು ಬಿಡಬೇಕೆಂಬುದು ಅಪ್ಪ ನಡೆಸಿಕೊಂಡು ಬಂದ ಪದ್ಧತಿ. ಆ ಸಲ ಗೌಡ ತನ್ನ ಕಬ್ಬಿಗೆ ಬಿಟ್ಟುಕೊಂಡು ತೂಬು ಮುಚ್ಚಿಸಿ ಕಾವಲು ಇಟ್ಟ. ಕೊನೆಯ ಗದ್ದೆಗಳಲ್ಲಿ ಪೈರು ಸುಟ್ಟುಹೋಗುತ್ತಿತ್ತು. ಅವುಗಳಲ್ಲಿ ಒಕ್ಕಲಿಗರದೂ ಇತ್ತು, ಕುರುಬರದೂ ಇತ್ತು, ನಮ್ಮದೊಂದು ತುಂಡೂ ಇತ್ತು. ಅಣ್ಣ ಹೆದರಿ ಸುಮ್ಮನಿದ್ದ. ಅಕ್ಕ ಸುಮ್ಮನಿರಲಿಲ್ಲ.

ಕಾವಲಿನವನು ಉಣ್ಣಲು ಹೋದ ಹೊತ್ತು ನೋಡಿ, ಅಣ್ಣನ ಚಡ್ಡಿ ತೊಟ್ಟು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋಗಿ ತೂಬು ಎತ್ತಿದಳು. ಕಾವಲಿನವನು ಏರಿಯ ಆಚೆಯಿಂದ ಕಂಡು ಕೂಗುತ್ತಾ ಬರುವಷ್ಟರಲ್ಲಿ ಓಡಿಬಿಟ್ಟಳು. ಅವನು ತೂಬು ಬಿಟ್ಟು ಅವಳ ಹಿಂದೆ ಓಡಿದ, ನೀರು ಹರಿಯುತ್ತಲೇ ಇತ್ತು.

ಅಂದೇ ಸಂಜೆ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಯಾವ ಜಾತಿಯ ಹುಡುಗನಾದರೂ ಮಾಡಿರಬಹುದು, ಎಲ್ಲರೂ ಸಿನಿಮಾ ನೋಡಿದವರೇ.

"ಯಾವ ಕಣ್ಣು ಮುಚ್ಚಿತ್ತಲಾ?" ಎಂದ ಗೌಡ.

"ಬಲಗಣ್ಣು ಸಾಮಿ," ಎಂದ ಕಾವಲಿನವನು.

ಗೌಡನ ಮಗ ನಕ್ಕುಬಿಟ್ಟ. "ಸಿನಿಮಾದಾಗೆ ಮುಚ್ಚಿದ್ದು ಎಡಗಣ್ಣು. ಪರದೆ ಹಿಂದೆ ಕೂತೋರಿಗೇ ಅದು ಬಲಗಣ್ಣಾಗಿ ಕಾಣ್ಸೋದು."

ಎಲ್ಲರೂ ನಮ್ಮ ಕೇರಿಯ ಕಡೆ ತಿರುಗಿದರು. ನಮ್ಮ ಕೇರಿಯಲ್ಲಿ ತೂಬು ಎತ್ತಬಲ್ಲವನು ಅಣ್ಣನೊಬ್ಬನೇ ಎಂದು ಅವರ ಲೆಕ್ಕ. ಅಣ್ಣ ಒಮ್ಮೆ ಅಕ್ಕನನ್ನು ನೋಡಿದ. "ನಾನೇ ಸಾಮಿ ಎತ್ತಿದ್ದು," ಎಂದ.

ಅವನನ್ನು ಮರಕ್ಕೆ ಕಟ್ಟಿದರು. ಅಕ್ಕ ನುಗ್ಗಿ ಬಂದಳು.

"ಅವನಲ್ಲ ಕಣ್ರಯ್ಯಾ, ನಾನು! ನನ್ನ ಹೊಡೀರಿ!"

ಸೆರಗು ಹರಿದು ಬಲಗಣ್ಣಿಗೆ ಕಟ್ಟಿಕೊಂಡು ತೋರಿಸಿದಳು. ಜನ ಬಿದ್ದು ಬಿದ್ದು ನಕ್ಕರು. "ಹೆಣ್ಣೆಂಗಸು ತೂಬು ಎತ್ತೋದುಂಟಾ? ಅಣ್ಣನ ಮೇಲೆ ಎಷ್ಟು ಪ್ರೀತಿ ನೋಡ್ರೋ!" ಎಂದು ಗೌಡನೇ ಮೆಚ್ಚಿಕೊಂಡ. ಕೊನೆಯ ಗದ್ದೆಯವರೂ ಅಲ್ಲೇ ನಿಂತಿದ್ದರು. ಅವರ ಪೈರಿಗೆ ಆಗಲೇ ನೀರು ಮುಟ್ಟಿತ್ತು. ಒಬ್ಬನೂ ತುಟಿ ಬಿಚ್ಚಲಿಲ್ಲ. ಇವತ್ತಿಗೂ ಅವರನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ಏಟು ಒಳಗೆಲ್ಲೋ ಬಿದ್ದಿತ್ತು. ಅಣ್ಣ ರಕ್ತ ಕಾರಿ ಸತ್ತ.

ಮಣ್ಣು ಮಾಡಿ ಬಂದ ಮೇಲೆ ಅವ್ವ ಗೋಡೆಗೆ ಒರಗಿ ಕೂತಳು. ಅತ್ತೂ ಅತ್ತೂ ಅವಳ ದನಿ ಹೊರಟುಹೋಗಿತ್ತು. ಅಕ್ಕನನ್ನು ಹತ್ತಿರ ಕರೆದು ಕೇಳಿದಳು.

"ಮುಖ ಯಾಕೆ ಮುಚ್ಕೊಂಡ್ಯೇ? ಹಂಗೇ ಹೋಗಿದ್ರೆ ನಿನ್ನೇ ಹೊಡೀತಿದ್ರಲ್ಲೇ."

ಅಕ್ಕನಿಗೆ ಸಿಟ್ಟು ಬರಲಿಲ್ಲ. ಅವ್ವನ ಕಾಲ ಬಳಿ ಕೂತು ಹೇಳಿದಳು.

"ಅದನ್ನೇ ಅಲ್ವೇನವ್ವಾ ನಾನೂ ಅವರನ್ನ ಬೇಡ್ಕೊಂಡಿದ್ದು."